ಶಿಡ್ಲಘಟ್ಟದ ಬಿಸಿನೀರಿನ ಕ್ಷಾರ

ಸೋಮವಾರ ಬೆಳಗ್ಗೆ ಪ್ರಯೋಗಾಲಯದ ಬೀಗ ತೆಗೆದು ಕೂತ ಮೇಲೆ ಯಾರಾದರೂ ನೀರಿನ ಬಾಟಲಿ ಹಿಡಿದು ಒಳಗೆ ಬಂದರೆ, "ಅಲ್ಲಿಡಿ" ಎಂದು ಹೇಳುವಷ್ಟರಲ್ಲಿ ನನ್ನ ದನಿ ಒಡೆದುಹೋಗುತ್ತಿತ್ತು. ಮೊದಮೊದಲು ನೆಗಡಿ ಇರಬೇಕು ಅಂದುಕೊಂಡಿದ್ದೆ. ಬಿಸಿನೀರು ಕುಡಿದೆ, ಮೆಣಸು ಜಗಿದೆ. ಆಮೇಲೆ ಒಂದು ದಿನ ಹೊಳೆಯಿತು, ಶನಿವಾರ ಸಂಜೆ ಬಾಗಿಲು ಹಾಕಿಕೊಂಡು ಮನೆಗೆ ಹೋದಮೇಲೆ ನಾನು ಯಾರೊಂದಿಗೂ ಮಾತಾಡಿಯೇ ಇರುವುದಿಲ್ಲ. ಬಳಸದೆ ಬಿಟ್ಟ ಗಂಟಲು ಅದು, ಅಷ್ಟೇ.

ಚಿಕ್ಕಬಳ್ಳಾಪುರದಲ್ಲಿ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ, ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಾನು ಕೆಲಸ ಮಾಡುವ ಪ್ರಯೋಗಾಲಯವಿದೆ. ಖಾಸಗಿಯವರದು. ನೀರು ಪರೀಕ್ಷೆಯೇ ಮುಖ್ಯ. ಮಾಲೀಕರು ಇರುವುದು ಬೇರೆ ಊರಲ್ಲಿ, ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತಾರೆ. ಮೊದಲು ನನ್ನ ಪಕ್ಕದ ಮೇಜಿನಲ್ಲಿ ಇನ್ನೊಬ್ಬರಿದ್ದರು, ವಯಸ್ಸಾದವರು. ಇಡೀ ದಿನ ಕ್ರಿಕೆಟ್ ಬಗ್ಗೆ ಮಾತಾಡುತ್ತಿದ್ದರು. ನನಗೆ ಕ್ರಿಕೆಟ್ ಗೊತ್ತಿಲ್ಲ. ಮಂಡಿ ನೋವಿಗೆ ಮೆಟ್ಟಿಲು ಹತ್ತಲಾಗದೆ ಅವರು ಕೆಲಸ ಬಿಟ್ಟ ಮೇಲೆ, ಆ ಅರ್ಥವಾಗದ ಮಾತೂ ಇಲ್ಲದಂತಾಯಿತು.

ನಗರಗೆರೆ ಕಡೆಯಿಂದ, ಚಿಂತಾಮಣಿ ಕಡೆಯಿಂದ ಜನ ಕೊಳವೆಬಾವಿಯ ನೀರು ತರುತ್ತಾರೆ. ನಮ್ಮ ಕಡೆ ನೀರು ಈಗ ತುಂಬ ಆಳದಿಂದ ಬರುತ್ತದೆ. ಕಲ್ಲಿನ ಸಂದಿಯಲ್ಲಿ ಎಷ್ಟು ಕಾಲ ನಿಂತಿತ್ತೋ, ಅಲ್ಲಿನ ಉಪ್ಪು, ಕ್ಷಾರ ಎಲ್ಲವನ್ನೂ ಹೊತ್ತು ತರುತ್ತದೆ. ಕ್ಷಾರ ಎಷ್ಟಿದೆ ಎಂದು ಅಳೆಯುವುದು ಕಷ್ಟದ ಕೆಲಸವಲ್ಲ. ಅಳೆದ ನೀರಿಗೆ ಬಣ್ಣ ಬದಲಿಸುವ ದ್ರಾವಣದ ಒಂದೆರಡು ಹನಿ ಹಾಕಬೇಕು. ಮೇಲೆ ನಿಲ್ಲಿಸಿದ ಗಾಜಿನ ಕೊಳವೆ, ಅಂದರೆ ಬ್ಯೂರೆಟ್ಟಿನಿಂದ ತೆಳು ಆಮ್ಲವನ್ನು ಹನಿಹನಿಯಾಗಿ ಬಿಡಬೇಕು. ಆಮ್ಲ ಕ್ಷಾರವನ್ನು ಮುಗಿಸುತ್ತಾ ಬರುತ್ತದೆ. ಎಲ್ಲ ಮುಗಿದ ಕ್ಷಣಕ್ಕೆ ಬಣ್ಣ ತಿರುಗುತ್ತದೆ. ಅಲ್ಲಿಗೆ ನಿಲ್ಲಿಸಿ, ಎಷ್ಟು ಆಮ್ಲ ಖರ್ಚಾಯಿತು ಅಂತ ನೋಡಿದರೆ ಕ್ಷಾರದ ಬಲ ತಿಳಿಯುತ್ತದೆ.

ಚಿಂತಾಮಣಿಯ ಕಾಲೇಜಿನಲ್ಲಿ ಇದನ್ನು ಜೋಡಿಯಾಗಿ ಮಾಡುತ್ತಿದ್ದೆವು. ನನ್ನ ಜೋಡಿ ಕೆಂಚಾರ್ಲಹಳ್ಳಿಯವಳು. ನಾನು ನಲ್ಲಿ ತಿರುಗಿಸುತ್ತಿದ್ದೆ, ಅವಳು ಫ್ಲಾಸ್ಕಿನ ಮೇಲೆ ಬಗ್ಗಿ ನೋಡುತ್ತಾ "ಇನ್ನೂ... ಇನ್ನೂ... ಸಾಕು ಕಣೇ, ಸಾಕು!" ಎಂದು ಕೂಗುತ್ತಿದ್ದಳು. ಮದುವೆಯಾಗಿ ದೂರ ಹೋದಳು. ಈಗ ಹಬ್ಬಕ್ಕೆ ಫೋನಿನಲ್ಲಿ ಹೂವಿನ ಚಿತ್ರ ಕಳಿಸುತ್ತಾಳೆ, ನಾನೂ ಒಂದು ಹೂವು ಕಳಿಸುತ್ತೇನೆ.

ನಾನು ಮದುವೆಯಾಗಲಿಲ್ಲ. ಬೇಡ ಅಂತ ಹಟ ಮಾಡಿದವಳಲ್ಲ. ಅಪ್ಪ ಹೋದರು, ತಮ್ಮನ ಓದು, ಆಮೇಲೆ ಅಮ್ಮನ ಕಾಯಿಲೆ, ಹೀಗೆ ಒಂದೊಂದೇ ವರ್ಷ ಸರಿದುಹೋಯಿತು. ಅಮ್ಮನನ್ನು ಚಿಕ್ಕಬಳ್ಳಾಪುರದ ಬಾಡಿಗೆ ಮನೆಯಲ್ಲಿ ನನ್ನ ಜೊತೆಯೇ ಇಟ್ಟುಕೊಂಡಿದ್ದೆ. ಅವಳು ತೀರಿಕೊಂಡ ಮೇಲೂ ಸಂಜೆ ಬೀಗ ತೆಗೆದು, "ಬಂದೆ ಕಣಮ್ಮ" ಎಂದು ಹೇಳುತ್ತಿದ್ದೆ. ಒಂದು ದಿನ ಪಕ್ಕದ ಮನೆಯವರು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡರು. ಅವತ್ತಿನಿಂದ ಹೇಳುವುದನ್ನು ಬಿಟ್ಟೆ.

ನನ್ನ ತಮ್ಮ ದಿಬ್ಬೂರಹಳ್ಳಿ ಹತ್ತಿರದ ನಮ್ಮ ಊರಿನಲ್ಲೇ ಹಿಪ್ಪುನೇರಳೆ ತೋಟ ನೋಡಿಕೊಂಡು ರೇಷ್ಮೆಹುಳು ಸಾಕುತ್ತಾನೆ. ಒಳ್ಳೆಯವನು. ನಾನು ಹೋದರೆ ನಾದಿನಿ ಒಳ್ಳೆಯ ತಟ್ಟೆ ತೆಗೆದು ಅದರಲ್ಲಿ ಬಡಿಸುತ್ತಾಳೆ. ಹುಟ್ಟಿದ ಮನೆಯಲ್ಲಿ ನೆಂಟರ ಹಾಗೆ ಒಳ್ಳೆಯ ತಟ್ಟೆಯಲ್ಲಿ ಉಂಡು ಬರುವುದು ಏನು ಎಂದು ಉಂಡವರಿಗೇ ಗೊತ್ತು. ಹೋಗುವುದನ್ನು ಕಡಿಮೆ ಮಾಡಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಆಕೆ ಬಂದರು. ಐವತ್ತು ದಾಟಿದ ಹೆಂಗಸು, ಕಪ್ಪು ಬುರ್ಖಾ, ಕೈಯಲ್ಲಿ ಐಸ್‌ಕ್ರೀಮಿನ ಖಾಲಿ ಡಬ್ಬದ ತುಂಬ ನೀರು. ಮೆಟ್ಟಿಲು ಹತ್ತಿ ಏದುಸಿರು ಬಂದಿತ್ತು. ಶಿಡ್ಲಘಟ್ಟದಲ್ಲಿ ತಮ್ಮದೊಂದು ಸಣ್ಣ ಫಿಲೇಚರ್ ಇದೆ ಎಂದರು. ರೇಷ್ಮೆಗೂಡನ್ನು ಬೇಯಿಸಿ ನೂಲು ತೆಗೆಯುವ ಘಟಕಕ್ಕೆ ನಮ್ಮಲ್ಲಿ ಹಾಗನ್ನುತ್ತಾರೆ. ಗಂಡ ತೀರಿಕೊಂಡ ಮೇಲೆ ತಾವೇ ನಡೆಸುತ್ತಿದ್ದಾರಂತೆ.

"ಹೊಸ ಬೋರ್ ಹಾಕಿಸಿದ ಮೇಲಿಂದ ನೂಲು ಕೆಟ್ಟೋಯ್ತು ಮೇಡಂ. ಎಳೆ ಹಿಡಿದ್ರೆ ಕಟ್ ಆಗತ್ತೆ. ಹೊಳಪೇ ಇಲ್ಲ. ಗೂಡು ಬೇಯೋಕ್ ಹಾಕಿದ್ರೆ ಗಂಜಿ ಆಗೋಗತ್ತೆ. ಗೂಡು ಸರಿ ಇಲ್ಲ ಅಂತಾರೆ ಒಬ್ರು, ಕಣ್ಣು ಬಿದ್ದಿದೆ ಅಂತಾರೆ ಒಬ್ರು. ನನ್ ಮಗಳು ನೀರು ಟೆಸ್ಟ್ ಮಾಡ್ಸಮ್ಮಾ ಅಂದ್ಲು."

"ಇಟ್ಟು ಹೋಗಿ, ನಾಳೆ ಫೋನ್ ಮಾಡ್ತೀನಿ."

"ಇಲ್ಲೇ ನಿಂತ್ಕೊಂಡು ನೋಡ್ಲಾ?"

ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಕುರ್ಚಿ ಎಳೆದು ಕೊಟ್ಟೆ. ಆಕೆ ಕೂರದೆ ನನ್ನ ಮೊಣಕೈ ಪಕ್ಕಕ್ಕೇ ಬಂದು ನಿಂತರು. ಫಿನಾಲ್ಫ್ಥಲೀನ್ ಹಾಕಿದೆ. ಬಲವಾದ ಕ್ಷಾರವಿದ್ದರೆ ಅದು ನೀರನ್ನು ಗುಲಾಬಿ ಮಾಡಬೇಕು. ಏನೂ ಆಗಲಿಲ್ಲ. ಮೆತ್ತಗಿನ ಕ್ಷಾರವನ್ನೂ ತೋರಿಸುವ ಮೀಥೈಲ್ ಆರೆಂಜ್ ಹಾಕಿದೆ. ನೀರು ಹಳದಿಯಾಯಿತು. ಆಮ್ಲ ಬಿಡುತ್ತಾ ಹೋದೆ. ಹಳದಿ ತಿರುಗಲೇ ಇಲ್ಲ. ಇನ್ನೂ ಬಿಟ್ಟೆ. ಆಕೆ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಕೊನೆಗೆ ಕಿತ್ತಳೆ ಬಣ್ಣದ ಒಂದು ಎಳೆ ಸುತ್ತಿಕೊಂಡು ಬಂದಾಗ, "ಬಂತು ಬಂತು!" ಎಂದು ನನ್ನ ತೋಳು ಹಿಡಿದುಬಿಟ್ಟರು.

"ಕ್ಷಾರ ಜಾಸ್ತಿ ಇದೆ. ಆದ್ರೆ ಬಲವಾದದ್ದಲ್ಲ, ಮೆತ್ತಗಿರೋದು," ಎಂದೆ.

"ಅದ್ರಿಂದಾನೇ ನೂಲು ಕೆಡ್ತಿರೋದಾ?"

"ಕುಡಿಯೋ ನೀರಿಗೆ ಎಷ್ಟಿರಬೇಕು ಅಂತ ನಂಗೊತ್ತು ಅಕ್ಕ. ರೇಷ್ಮೆಗೆ ಏನಾಗುತ್ತೆ ಅಂತ ಗೊತ್ತಿಲ್ಲ."

ಆಕೆಗೆ ಬೇಸರವಾಗುತ್ತದೆ ಅಂದುಕೊಂಡೆ. ಆಕೆ ಮುಖ ಒರೆಸಿಕೊಂಡು, "ಹಂಗಾದ್ರೆ ಬಂದು ನೋಡಿ. ಭಾನುವಾರ ರಜಾನಾ ನಿಮ್ಗೆ?" ಎಂದರು.

ಭಾನುವಾರ ಏನು ಮಾಡುತ್ತೀರಿ ಎಂದು ನನ್ನನ್ನು ಒಬ್ಬರು ಕೇಳಿ ಎಷ್ಟು ಕಾಲವಾಗಿತ್ತೋ. ಆ ಶನಿವಾರ ಸಂಜೆ ಒಂದು ಬ್ಯೂರೆಟ್, ದ್ರಾವಣಗಳ ಸಣ್ಣ ಬಾಟಲಿಗಳು, ಎರಡು ಫ್ಲಾಸ್ಕುಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಮಾಲೀಕರಿಗೆ ಫೋನ್ ಮಾಡಿ ಹೇಳಿದೆ. ಒಡೆಯದ ಹಾಗೆ ನೋಡಿಕೊಳ್ಳಿ ಎಂದರು.

ಹುಳು ಸಾಕುವ ಮನೆಯಲ್ಲಿ ಹುಟ್ಟಿದವಳು ನಾನು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸಿದ್ದೇನೆ, ಅಪ್ಪನ ಜೊತೆ ಗೂಡಿನ ಮಾರುಕಟ್ಟೆಗೂ ಹೋಗಿದ್ದೇನೆ. ಆದರೆ ಮಾರಿದ ಗೂಡು ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ನೋಡಿದ್ದಿಲ್ಲ. ಆಕೆಯ ಫಿಲೇಚರ್ ಮನೆಯ ಹಿಂದಿನ ಶೀಟ್ ಹಾಕಿದ ಉದ್ದನೆಯ ಕೋಣೆ. ಬಾಗಿಲ ಬಳಿ ಒಲೆಯ ಮೇಲೆ ದೊಡ್ಡ ಪಾತ್ರೆ, ಗೂಡು ಬೇಯಿಸುವುದು ಅದರಲ್ಲಿ. ಒಳಗೆ ಸಾಲಾಗಿ, ಬೆಂದ ಗೂಡಿನಿಂದ ಎಳೆ ತೆಗೆಯುವ ಬಿಸಿನೀರಿನ ಬೇಸಿನ್ನುಗಳು, ಒಂದೊಂದರ ಮುಂದೆಯೂ ಒಬ್ಬೊಬ್ಬ ಹೆಂಗಸು. ಬೆಂದ ಹುಳುವಿನ ವಾಸನೆ ಮೂಗಿಗೆ ಹೊಡೆಯಿತು. ನನ್ನ ಮುಖ ನೋಡಿ ಅವರೆಲ್ಲ ನಕ್ಕರು.

"ಆಪಾ, ಮೇಡಂಗೆ ಹೊರಗೇ ಚೇರ್ ಹಾಕಿ," ಎಂದಳು ಒಬ್ಬಳು.

"ಬೇಡ, ಅಭ್ಯಾಸ ಆಗುತ್ತೆ," ಎಂದೆ. ಅಲ್ಲಿ ಎಲ್ಲರೂ ಆಕೆಯನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ನನಗೂ ಆಕೆ ಆಪಾ ಆದರು.

ತೊಟ್ಟಿಯ ನೀರು ಪರೀಕ್ಷೆ ಮಾಡಿದೆ. ಅದೇ ಫಲಿತಾಂಶ. ನಲ್ಲಿಯ ನೀರು ಹಿಡಿದೆ, ಮತ್ತೂ ಅದೇ. ಗುಲಾಬಿ ಬಣ್ಣ ಎಲ್ಲೂ ಇಲ್ಲ. ಇಷ್ಟಕ್ಕೆ ಇಲ್ಲಿಯವರೆಗೂ ಬಂದೆನೇ ಎಂದು ನಾಚಿಕೆಯಾಗತೊಡಗಿತು. ಆಪಾ ಚಹಾ ತಂದುಕೊಟ್ಟರು. ಕುಡಿಯುತ್ತಾ ಬಾಗಿಲ ಬಳಿಯ ಪಾತ್ರೆ ನೋಡುತ್ತಿದ್ದೆ. ಬೆಳಗಿನಿಂದ ಅದು ಕುದಿಯುತ್ತಲೇ ಇತ್ತು. ಆವಿಯಾಗಿ ಕಡಿಮೆಯಾದಷ್ಟು ನೀರನ್ನು ಮೇಲಿಂದ ಸುರಿದುಕೊಂಡೇ ಇದ್ದರು. ಚಹಾದ ಲೋಟ ಕೆಳಗಿಟ್ಟೆ. ಪ್ರಯೋಗಾಲಯಕ್ಕೆ ಬಂದಿದ್ದು ತಣ್ಣೀರು, ಗೂಡು ಬೇಯುವುದು ಕುದಿಯುವ ನೀರಿನಲ್ಲಿ.

"ಆಪಾ, ಗೂಡು ಹಾಕೋ ಮುಂಚೆ ಆ ನೀರು ಒಂದು ಲೋಟ ಕೊಡ್ತೀರಾ?"

ಸ್ಟೀಲ್ ಲೋಟದಲ್ಲಿ ತೆಗೆದುಕೊಟ್ಟರು. ತಣ್ಣೀರಿನ ಬಕೆಟ್ಟಿನಲ್ಲಿಟ್ಟು ಆರಿಸಿ, ಫ್ಲಾಸ್ಕಿಗೆ ಬಗ್ಗಿಸಿ, ಫಿನಾಲ್ಫ್ಥಲೀನ್ ಎರಡು ಹನಿ ಬಿಟ್ಟೆ. ಕಣಗಿಲೆ ಹೂವಿನ ಬಣ್ಣ ಭಗ್ ಎಂದು ಎದ್ದಿತು. ಆಪಾ "ಯಾ ಅಲ್ಲಾ!" ಎಂದರು. ಬೇಸಿನ್ನಿನ ಮುಂದಿದ್ದವರೆಲ್ಲ ಎದ್ದು ಬಂದು ಸುತ್ತ ನಿಂತರು.

"ಏನ್ ಹಾಕಿದ್ರಿ ಮೇಡಂ? ಕುಂಕುಮಾನಾ?"

"ಇದಕ್ಕೆ ಬಣ್ಣ ಇಲ್ಲ, ನೋಡಿ. ಬಣ್ಣ ತೋರಿಸ್ತಿರೋದು ನಿಮ್ಮ ನೀರು," ಎಂದು ಬಾಟಲಿ ಎತ್ತಿ ತೋರಿಸಿದೆ. "ತಣ್ಣಗಿದ್ದಾಗ ಈ ನೀರಿನ ಕ್ಷಾರ ಅಡುಗೆ ಸೋಡ ಇದ್ದ ಹಾಗೆ. ಕುದಿಸಿ ಕುದಿಸಿ ಅದರಲ್ಲಿರೋ ಗಾಳಿ ಹೊರಟೋದ್ರೆ, ಬಟ್ಟೆ ಒಗೆಯೋ ಸೋಡ ಆಗೋಗುತ್ತೆ. ನೀವು ಗೂಡನ್ನ ಒಗೆಯೋ ಸೋಡದಲ್ಲಿ ಬೇಯಿಸ್ತಿದೀರಿ. ಎಳೆಗೆ ಎಳೆ ಹಿಡಿಸೋ ಅಂಟೆಲ್ಲ ಅದರಲ್ಲೇ ಕರಗಿ ಹೋಗ್ತಿದೆ."

ಒಬ್ಬ ಹೆಂಗಸು ಎರಡೂ ಕೈ ಮುಂದೆ ಚಾಚಿದಳು. ಬೆರಳ ತುದಿಯ ಚರ್ಮ ಸುಲಿದು ಕೆಂಪಗಾಗಿತ್ತು. "ಅದಕ್ಕೇನಾ ಮೇಡಂ ಕೈಯೂ ಹಿಂಗಾಗಿರೋದು? ಬಿಸಿಗೆ ಅಂದ್ಕೊಂಡಿದ್ದೆ. ಬಿಸಿ ಮೊದ್ಲೂ ಇತ್ತಲ್ಲ."

"ಅದೂ ಕಾರಣ ಇರುತ್ತಮ್ಮ," ಎಂದೆ. ಅವಳ ಕೈ ಹಿಡಿದು ನೋಡಿದೆ. ಇನ್ನೊಬ್ಬರ ಕೈಯನ್ನು ಹಾಗೆ ಹಿಡಿದೂ ಬಹಳ ಕಾಲವಾಗಿತ್ತು.

ಆಮ್ಲ ಬಿಟ್ಟು ಅಳೆದೆ. ಗುಲಾಬಿ ಬಣ್ಣ ಹೋಗುವಷ್ಟರಲ್ಲಿ ನೀರು ಬೇಕಾದಷ್ಟು ಆಮ್ಲ ಕುಡಿಯಿತು. ಈಗ ಏನು ಮಾಡುವುದು ಎನ್ನುವುದೇ ಮಾತು. ಬೋರ್ ಬಿಟ್ಟರೆ ಬೇರೆ ನೀರಿಲ್ಲವೇ ಎಂದೆ. ಆಪಾ ಹಿತ್ತಿಲಿಗೆ ಕರೆದುಕೊಂಡು ಹೋದರು. ಅಲ್ಲಿ ಚಪ್ಪಡಿ ಮುಚ್ಚಿದ ಹಳೆಯ ತೆರೆದ ಬಾವಿ.

"ನಮ್ಮನೆಯವ್ರು ಇರೋವಾಗ ಇದೇ ನೀರು. ಆಮೇಲೆ ಬತ್ತೋಗಿತ್ತು. ಎರಡು ಮಳೆ ಆಯ್ತಲ್ಲ, ಬಂದಿರ್ಬೋದು."

ಚಪ್ಪಡಿ ಸರಿಸಿದಾಗ ಕೆಳಗೆ ನೀರು ಹೊಳೆಯಿತು. ಸೇದಿ, ಕುದಿಸಿ, ಆರಿಸಿ ನೋಡಿದರೆ ಗುಲಾಬಿ ತೀರ ನಸುವಾಗಿ ಬಂತು. ಆದರೆ ಅಷ್ಟು ನೀರು ಇಡೀ ಕೆಲಸಕ್ಕೆ ಸಾಲದು. ಬೆರೆಸಿಯೇ ಬಳಸಬೇಕು. ಎಷ್ಟಕ್ಕೆ ಎಷ್ಟು ಎಂದು ತಿಳಿಯಬೇಕು.

ಆ ಮಳೆಗಾಲದ ಭಾನುವಾರಗಳು ಹೀಗೆ ಶಿಡ್ಲಘಟ್ಟದಲ್ಲಿ ಕಳೆದವು. ಸಮಸಮ ಬೆರೆಸಿದರೆ ಬೆಳಗ್ಗೆ ಚೆನ್ನಾಗಿರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಕುದಿದು ಕುದಿದು ಮತ್ತೆ ಗುಲಾಬಿ. ಬಾವಿ ನೀರು ಹೆಚ್ಚು ಮಾಡಿ, ಮಧ್ಯಾಹ್ನ ಪಾತ್ರೆ ಪೂರ್ತಿ ಚೆಲ್ಲಿ ಹೊಸ ನೀರು ಹಾಕಿದರೆ ನೂಲು ಕಡಿಯದೆ ನಿಲ್ಲುತ್ತಿತ್ತು. ನಾನು ಅಳೆಯುತ್ತಿದ್ದೆ, ಆಪಾ ಎಳೆ ಹಿಡಿದು ನೋಡುತ್ತಿದ್ದರು. ನನ್ನ ಬ್ಯೂರೆಟ್ ಚೆನ್ನಾಗಿದೆ ಅಂದಾಗ ಅವರ ಬೆರಳು ಇಲ್ಲ ಅನ್ನುವುದೂ ಇತ್ತು, ಅವರ ಬೆರಳು ಸರಿ ಅಂದಾಗ ನನ್ನ ಬ್ಯೂರೆಟ್ ತಕರಾರು ತೆಗೆಯುವುದೂ ಇತ್ತು. ಜಗಳವಾಡಿ, ಮತ್ತೆ ಬೆರೆಸಿ, ಮತ್ತೆ ಬೇಯಿಸುತ್ತಿದ್ದೆವು.

ಮಧ್ಯಾಹ್ನ ಅವರ ಮನೆಯಲ್ಲೇ ಊಟ. ಮಗಳು ಬಿ.ಕಾಂ. ಓದುತ್ತಿದ್ದಳು, ಮೈದುನರ ಸಂಸಾರಗಳೂ ಅದೇ ಮನೆಯಲ್ಲಿ. ಎಷ್ಟೊಂದು ಜನ. ಆದರೂ ಒಂದು ದಿನ ತಟ್ಟೆ ಮುಂದೆ ಕೂತು ಆಪಾ ಹೇಳಿದರು, "ಇವ್ರೆಲ್ಲಾ ಮುಚ್ಚಿಬಿಡು ಅಂತಾರೆ. ನೂಲಿನ ಮಾತು ಎತ್ತಿದ್ರೆ ಎದ್ದೋಗ್ತಾರೆ. ನಮ್ಮನೆಯವ್ರು ಹೋದ್ಮೇಲೆ ಎಳೆ ಬಗ್ಗೆ ಮಾತಾಡಿದ್ದು ನಿಮ್ ಜೊತೇನೇ."

ನನಗೂ ಹಾಗೇ ಎಂದು ಹೇಳಬೇಕೆಂದಿದ್ದೆ. ಬಾಯಲ್ಲಿ ಅನ್ನವಿತ್ತು, ನುಂಗುವಷ್ಟರಲ್ಲಿ ಅವರು ಸಾರು ತರಲು ಎದ್ದರು.

ದಸರಾ ಹೊತ್ತಿಗೆ ನೂಲು ಸರಿಹೋಯಿತು. ಸುತ್ತಿದ ನೂಲಿನ ಒಂದು ಲಡಿಯನ್ನು ಆಪಾ ಬಿಸಿಲಿಗೆ ಹಿಡಿದು ತಿರುಗಿಸಿ ನನ್ನ ಅಂಗೈಯಲ್ಲಿಟ್ಟರು. ಅಷ್ಟು ಹೊಳಪಿನ ವಸ್ತು ನನ್ನ ತಮ್ಮನ ಮನೆಯ ಹುಳುಗಳ ಬಾಯಿಂದಲೂ ಬಂದಿರಬಹುದು ಎಂದು ಮೊದಲ ಬಾರಿಗೆ ಅನಿಸಿತು. ಹೆಂಗಸರ ಕೈಯ ಚರ್ಮವೂ ಮಾಯತೊಡಗಿತ್ತು. ಮಳೆನೀರು ಹಿಡಿಯಲು ಶೀಟಿನ ಅಂಚಿಗೆ ಪೈಪು ಹಾಕಿಸಿ ಬಾವಿಗೆ ಬಿಡಿಸಿದರು. ಬೆರೆಸುವ ಅಳತೆ ಎಲ್ಲರಿಗೂ ಬಾಯಿಪಾಠವಾಗಿತ್ತು. ಮಗಳು ನನ್ನಿಂದ ಒಂದು ಸಣ್ಣ ಬಾಟಲಿ ಫಿನಾಲ್ಫ್ಥಲೀನ್ ಇಸಿದುಕೊಂಡು, ಮಧ್ಯಾಹ್ನ ತಾನೇ ಹನಿ ಹಾಕಿ ನೋಡುವುದನ್ನು ಕಲಿತಳು.

ಹೊರಡುವಾಗ ಆಪಾ, "ಪಾಪ, ಎಷ್ಟು ಭಾನುವಾರ ನಿಮ್ದು ಹಾಳಾಯ್ತು. ಇನ್ಮೇಲೆ ಆರಾಮಾಗಿರಿ," ಎಂದರು. ಮನಸ್ಸಿನಿಂದಲೇ ಹೇಳಿದರು.

ಮುಂದಿನ ಭಾನುವಾರ ಬೆಳಗ್ಗೆ ಎಂದಿನ ಹೊತ್ತಿಗೇ ಎದ್ದೆ. ಸ್ನಾನ ಮಾಡಿ, ಸೀರೆ ಉಟ್ಟು, ಎಲ್ಲಿಗೆ ಎಂದು ನನ್ನನ್ನೇ ಕೇಳಿಕೊಂಡು ಮಂಚದ ಮೇಲೆ ಕೂತೆ. ರಸ್ತೆಯಲ್ಲಿ ಹಾಲಿನವನು ಹೋದ, ತರಕಾರಿ ಗಾಡಿ ಹೋಯಿತು. ಹತ್ತು ಗಂಟೆಗೆ ಸೀರೆ ಬಿಚ್ಚಿ ಮಡಿಸಿಟ್ಟು ನೈಟಿ ಹಾಕಿಕೊಂಡೆ. ಮೊದಲಿನ ಭಾನುವಾರಗಳು ಖಾಲಿ ಅಂತ ಆಗ ಗೊತ್ತಿರಲಿಲ್ಲ. ಈಗ ಗೊತ್ತಾಗಿತ್ತು.

ಅವರಾಗಿ ಫೋನ್ ಮಾಡಲಿ ಎಂದು ಕಾದೆ. ಮಾಡಲಿಲ್ಲ. ಹೊಸ ಗೂಡಿನ ಸಮಯ, ಕೆಲಸ ಹೆಚ್ಚು. ನನಗೆ ಗೊತ್ತಿತ್ತು, ಆದರೂ ಕಾದೆ. ಕೊನೆಗೆ ಒಂದು ಭಾನುವಾರ ಬ್ಯೂರೆಟ್ಟನ್ನು ಅದೇ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಶಿಡ್ಲಘಟ್ಟದ ಬಸ್ ಹತ್ತಿದೆ. ಬಾವಿಯ ನೀರು ಬದಲಾಗಿರಬಹುದು, ಒಮ್ಮೆ ನೋಡಿ ಹೋಗೋಣ ಅಂತ ಬಂದೆ ಎಂದೆ. ಆಪಾ ಪಾತ್ರೆಯ ಪಕ್ಕದಲ್ಲಿ ಸ್ಟೂಲು ಹಾಕಿಕೊಟ್ಟರು. ಅಳೆದೆ. ಏನೂ ಬದಲಾಗಿರಲಿಲ್ಲ. ಇನ್ನೊಮ್ಮೆ ಅಳೆದೆ. ಮೂರನೆಯ ಬಾರಿ ಫ್ಲಾಸ್ಕ್ ತೊಳೆಯುತ್ತಿದ್ದಾಗ ಆಪಾ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಮನೇಲಿ ಯಾರಿದಾರಮ್ಮಾ ನಿಮ್ಗೆ?"

ಅಷ್ಟು ತಿಂಗಳಲ್ಲಿ ಅವರು ಅದನ್ನು ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

"ಯಾರೂ ಇಲ್ಲ ಆಪಾ."

"ಹಂಗಾದ್ರೆ ನೀರು ನೋಡೋಕೆ ಅಂತ ಬರ್ಬೇಡಿ. ಸುಮ್ನೆ ಬನ್ನಿ."

ಹಾಗೇ ಎರಡು ಮೂರು ಬಾರಿ ಬ್ಯೂರೆಟ್ ಇಲ್ಲದೆ, ಬರಿಗೈಯಲ್ಲಿ ಹೋದೆ. ಇಲ್ಲಿಂದ ಎಲ್ಲ ಸರಿಹೋಯಿತು ಎಂದು ಬರೆಯುವುದು ಸುಲಭ. ಹಾಗಾಗಲಿಲ್ಲ. ಕೈಯಲ್ಲಿ ಕೆಲಸವಿಲ್ಲದೆ ಇನ್ನೊಬ್ಬರ ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವುದು ನನಗೆ ಬರಲಿಲ್ಲ. ಹೇಗಿದ್ದೀರಿ, ಚೆನ್ನಾಗಿದ್ದೇನೆ, ಊಟ ಆಯಿತಾ, ಆಯಿತು. ನೀರಿನ ಮಾತು ಮುಗಿದ ಮೇಲೆ ಯಾವ ಮಾತು ಎಂದು ಇಬ್ಬರಿಗೂ ತೋಚುತ್ತಿರಲಿಲ್ಲ. ಅವರು ಕೆಲಸ ಬಿಟ್ಟು ನನ್ನ ಎದುರು ಕೂತಿದ್ದರೆ ಒಳಗಿಂದ ಯಾರೋ "ಆಪಾ!" ಎಂದು ಕೂಗುತ್ತಿದ್ದರು. ಅವರು ಎದ್ದು ಹೋದರೆ ನಾನು ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದೆ. ಹೋಗುವುದು ತಿಂಗಳಿಗೊಮ್ಮೆ ಆಯಿತು, ಆಮೇಲೆ ರಂಜಾನ್ ಹಬ್ಬಕ್ಕೊಮ್ಮೆ, ಅಷ್ಟೇ.

ಸಿಟ್ಟಿರಲಿಲ್ಲ. ಅವರದು ತಪ್ಪಿಲ್ಲ, ನನ್ನದೂ ಇರಲಿಕ್ಕಿಲ್ಲ. ತಮ್ಮ ಒಂದು ದಿನ ಫೋನ್ ಮಾಡಿ, "ಏನಕ್ಕ, ಶಿಡ್ಲಘಟ್ಟದ ತನಕ ಬರ್ತೀಯಂತೆ, ಇಲ್ಲಿಗ್ ಬರಕ್ಕಾಗಲ್ವಾ? ಮಾರ್ಕೆಟ್ನಲ್ಲಿ ಯಾರೋ ಹೇಳಿದ್ರು," ಎಂದ. ಬರ್ತೀನಿ ಕಣಪ್ಪ ಎಂದೆ. ಹೋದೆ ಕೂಡ. ಒಳ್ಳೆಯ ತಟ್ಟೆಯಲ್ಲೇ ಉಂಡೆ. ಈ ಸಲ ಮಾತ್ರ ಊಟವಾದ ಮೇಲೆ ಹುಳುವಿನ ಮನೆಗೆ ಹೋಗಿ ನಾದಿನಿಯ ಜೊತೆ ಗೂಡು ಬಿಡಿಸಲು ಕೂತೆ. ಅವಳು ಬೇಡ ಅನ್ನಲಿಲ್ಲ. ಈ ಗೂಡನ್ನು ಅಲ್ಲಿ ಹೇಗೆ ಬೇಯಿಸುತ್ತಾರೆ ಎಂದು ಹೇಳಿದೆ. ಅವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು. "ಔನಾ?" ಎಂದಳು ತೆಲುಗಿನಲ್ಲಿ, ತನ್ನ ತವರಿನವರೊಂದಿಗೆ ಮಾತಾಡುವ ಹಾಗೆ. ಸಂಜೆಯ ಬಸ್ಸಿಗೆ ವಾಪಸ್ ಬಂದೆ.

ಈ ವರ್ಷ ಆಪಾ ಅವರ ಮಗಳ ಮದುವೆಯಾಯಿತು. ಆಪಾ ತಾವೇ ಮೆಟ್ಟಿಲು ಹತ್ತಿ ಬಂದು ಕರೆದರು. ಮೊದಲಿನ ಹಾಗೆ ಏದುಸಿರು ಬಿಡುತ್ತಾ ನಿಂತು, ಮೇಜಿನ ಮೇಲಿದ್ದ ಯಾರದೋ ನೀರಿನ ಬಾಟಲಿ ನೋಡಿ, "ಇದೆಲ್ಲಿದು?" ಎಂದರು. ಗೌರಿಬಿದನೂರಿನದು ಎಂದೆ. "ಕುದಿಸಿ ನೋಡಿದ್ರಾ?" ಎಂದು ಕೇಳಿದರು. ಇಬ್ಬರೂ ನಕ್ಕೆವು. ಈಗ ಗೂಡು ಬೇಯಿಸುವವರು ನೀರು ತಂದರೆ ನಾನು ಕುದಿಸಿಯೇ ನೋಡುತ್ತೇನೆ.

ಮದುವೆಯ ಹಾಲ್‌ನಲ್ಲಿ ಹೆಂಗಸರ ಕಡೆ ಕಾಲಿಡಲು ಜಾಗವಿರಲಿಲ್ಲ. ಆಪಾ ಜನರ ನಡುವಿನಿಂದ ಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ, "ಇವ್ರೇ ನಮ್ ನೀರಿನ ಮೇಡಂ," ಎಂದು ಸಿಕ್ಕವರಿಗೆಲ್ಲ ತೋರಿಸಿದರು. ಆಮೇಲೆ ಇಬ್ಬರು ಮುದುಕಿಯರ ನಡುವೆ ಕೂರಿಸಿ ಮಾಯವಾದರು. ಆ ಮುದುಕಿಯರು ನನ್ನ ತಲೆಯ ಆಚೆ ಈಚೆ ಉರ್ದುವಿನಲ್ಲಿ ಮಾತಾಡುತ್ತಿದ್ದರು. ನನಗೆ ಒಂದೂ ತಿಳಿಯಲಿಲ್ಲ. ಒಬ್ಬಾಕೆ ಮಾತಿನ ನಡುವೆಯೇ ನನ್ನ ತಟ್ಟೆಗೆ ಅನ್ನ ಹಾಕಿದರು. ಇನ್ನೊಬ್ಬಾಕೆ ತಮ್ಮ ಮೊಮ್ಮಗುವನ್ನು ನನ್ನ ತೊಡೆಯ ಮೇಲಿಟ್ಟು ಕೈ ತೊಳೆಯಲು ಹೋದರು. ಮಗು ನನ್ನ ಬಳೆ ಹಿಡಿದುಕೊಂಡು ಹಾಗೇ ನಿದ್ದೆ ಹೋಯಿತು.

ಸಂಜೆಯಾಗುತ್ತಾ ಬಂತು. ಮಗುವನ್ನು ಅಜ್ಜಿಗೆ ಕೊಟ್ಟು, ಹೊರಡುತ್ತೇನೆ ಎಂದು ಹೇಳಿಹೋಗಲು ಆಪಾ ಅವರನ್ನು ಹುಡುಕಿದೆ. ಊಟದ ಕಡೆ ಇರಲಿಲ್ಲ, ಮದುಮಗಳ ಬಳಿಯೂ ಕಾಣಲಿಲ್ಲ. ಬಾಗಿಲವರೆಗೂ ಹೋದೆ. ಹೊರಗೆ ಚಿಕ್ಕಬಳ್ಳಾಪುರದ ಬಸ್ಸು ನಿಂತಿತ್ತು, ಕಂಡಕ್ಟರ್ ಕೂಗುತ್ತಿದ್ದ. ಸ್ವಲ್ಪ ಹೊತ್ತು ನೋಡಿದೆ. ಮುಂದಿನ ಬಸ್ಸಿಗೆ ಹೋದರಾಯಿತು ಎಂದು ಒಳಗೆ ಬಂದು ಆ ಮುದುಕಿಯರ ನಡುವಿನ ಕುರ್ಚಿಯಲ್ಲೇ ಮತ್ತೆ ಕೂತೆ.